ಅಡಮಾನವಿಲ್ಲದ ಪ್ರತಿಭೆಗೆ ಬಂಡವಾಳ: ಜಪಾನಿನ ‘ಮಿತೋ’ ಯೋಜನೆ ಕಲಿಸುವ ಪಾಠ

ಸಾಲ ಕೊಡುವ ಮೊದಲು ಮೂರು ಪ್ರಶ್ನೆ ಕೇಳುವುದು ವರ್ತಕ ಸಮುದಾಯದಲ್ಲಿ ಹಿಂದಿನಿಂದಲೂ ಬಂದಿರುವ ವಾಡಿಕೆ. ವಹಿವಾಟು ಎಷ್ಟು? ಅಡಮಾನ ಏನು? ಜಾಮೀನು ಯಾರದು? ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಮಾತ್ರ ಗಲ್ಲಾಪೆಟ್ಟಿಗೆ ತೆರೆಯುತ್ತದೆ. ಬ್ಯಾಂಕುಗಳು ಕೇಳುವುದೂ ಇವೇ ಪ್ರಶ್ನೆಗಳನ್ನು. ಕೇಳುವುದರಲ್ಲಿ ತಪ್ಪೇನೂ ಇಲ್ಲ; ದುಡಿದ ಹಣವನ್ನು ಕಾಪಾಡಿಕೊಳ್ಳುವುದು ವ್ಯಾಪಾರದ ಮೊದಲ ಧರ್ಮ.

ಆದರೆ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಬಂದು, ತನ್ನ ತಲೆಯಲ್ಲಿರುವ, ಇನ್ನೂ ರೂಪ ತಳೆಯದ ಒಂದು ತಂತ್ರಾಂಶಕ್ಕೆ ನೆರವು ಕೇಳಿದರೆ ಏನು ಮಾಡುವುದು? ಅವನಿಗೆ ವಹಿವಾಟಿಲ್ಲ, ಅಡಮಾನವಿಡಲು ಆಸ್ತಿಯಿಲ್ಲ, ಜಾಮೀನು ನಿಲ್ಲುವವರಿಲ್ಲ. ಮೂರು ಪ್ರಶ್ನೆಗೂ ಉತ್ತರ ‘ಇಲ್ಲ’ ಎಂದೇ. ಆದರೂ ಅವನ ಕೈಯಲ್ಲಿ ಮುಂದಿನ ಇಪ್ಪತ್ತು ವರ್ಷಗಳ ಉದ್ಯಮದ ಬೀಜ ಇದ್ದಿರಬಹುದು. ಈ ಇಕ್ಕಟ್ಟಿಗೆ ಜಪಾನ್ ದೇಶವು 2000ನೇ ಇಸವಿಯಲ್ಲಿ ಒಂದು ಪರಿಹಾರ ಕಂಡುಕೊಂಡಿತು. ಅದರ ಹೆಸರು ‘ಮಿತೋ’. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ‘ಇನ್ನೂ ಯಾರೂ ತುಳಿಯದ’ ಎಂಬ ಅರ್ಥವಿದೆ.

ಹಿನ್ನೆಲೆ

1990ರ ದಶಕದ ಆರಂಭದಲ್ಲಿ ಜಪಾನಿನ ಭೂಮಿ ಮತ್ತು ಷೇರುಗಳ ಬೆಲೆ ಕುಸಿದು, ಆ ದೇಶದ ಅರ್ಥವ್ಯವಸ್ಥೆ ದೀರ್ಘಕಾಲದ ಮಂದಗತಿಗೆ ಸಿಲುಕಿತು. ಕಾರು, ಯಂತ್ರೋಪಕರಣ ಹಾಗೂ ವಿದ್ಯುನ್ಮಾನ ವಸ್ತುಗಳಲ್ಲಿ ಜಗತ್ತಿಗೇ ಮಾದರಿಯಾಗಿದ್ದ ದೇಶವು ತಂತ್ರಾಂಶ ಕ್ಷೇತ್ರದಲ್ಲಿ ಅಮೆರಿಕಕ್ಕಿಂತ ಬಹಳ ಹಿಂದೆ ಉಳಿದಿತ್ತು. ಅಲ್ಲಿನ ತಂತ್ರಾಂಶ ಉದ್ಯಮವು ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳ ಬೇಡಿಕೆಯಂತೆ ಕೆಲಸ ಮಾಡಿಕೊಡುವ, ಗುತ್ತಿಗೆಯ ಕೆಳಗೆ ಉಪಗುತ್ತಿಗೆ ಎಂಬ ಮೆಟ್ಟಿಲುಗಳ ವ್ಯವಸ್ಥೆಯಾಗಿತ್ತು. ಪ್ರತಿಭಾವಂತ ಪದವೀಧರರು ದೊಡ್ಡ ಸಂಸ್ಥೆಯೊಂದನ್ನು ಸೇರಿ ನಿವೃತ್ತಿಯವರೆಗೆ ಅಲ್ಲಿಯೇ ದುಡಿಯುವುದು ಸಹಜವೆನಿಸಿತ್ತು. ಸ್ವಂತ ಉದ್ಯಮ ಆರಂಭಿಸುವವನು ಬ್ಯಾಂಕಿನ ಸಾಲಕ್ಕೆ ತನ್ನ ಮನೆಮಠವನ್ನೇ ಹೊಣೆಯಾಗಿಡಬೇಕಾಗುತ್ತಿತ್ತು. ಒಮ್ಮೆ ಸೋತವನು ಮತ್ತೆ ಏಳುವುದು ದುಸ್ತರವಾಗಿತ್ತು.

ಮಾಹಿತಿ ತಂತ್ರಜ್ಞಾನದ ಉತ್ತೇಜನಕ್ಕಾಗಿ 1970ರಲ್ಲಿ ಸ್ಥಾಪಿತವಾದ ಸರ್ಕಾರಿ ಅಂಗಸಂಸ್ಥೆಯೊಂದು ಅಲ್ಲಿದೆ. ಇಂಗ್ಲಿಷಿನ ಸಂಕ್ಷಿಪ್ತ ರೂಪದಲ್ಲಿ ಅದನ್ನು ಐಪಿಎ ಎನ್ನುತ್ತಾರೆ. ಇಂದು ಇದು ಜಪಾನಿನ ಅರ್ಥ, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಧೀನದಲ್ಲಿದೆ. ಈ ಸಂಸ್ಥೆಯೇ 2000ನೇ ಆರ್ಥಿಕ ವರ್ಷದಲ್ಲಿ ಮಿತೋ ಯೋಜನೆಯನ್ನು ಆರಂಭಿಸಿತು. ಎರಡು ವರ್ಷಗಳ ಬಳಿಕ, 2002ರಲ್ಲಿ, ತರುಣರಿಗಾಗಿಯೇ ‘ಮಿತೋ ಯೂತ್’ ಎಂಬ ವಿಭಾಗ ಹುಟ್ಟಿಕೊಂಡಿತು. 2011ರಲ್ಲಿ ಎರಡನ್ನೂ ಕೂಡಿಸಿ, 25 ವರ್ಷದೊಳಗಿನವರಿಗೆ ಮೀಸಲಾದ ಒಂದೇ ಯೋಜನೆಯನ್ನಾಗಿ ರೂಪಿಸಲಾಯಿತು.

ಸಮಿತಿಯಲ್ಲ, ಒಬ್ಬ ಹಿರಿಯ

ಸರ್ಕಾರದ ಹಣ ಹಂಚುವಾಗ ಸಮಿತಿ ರಚಿಸಿ, ಅಂಕ ನೀಡಿ, ಸರಾಸರಿ ತೆಗೆಯುವುದು ಎಲ್ಲ ದೇಶಗಳ ರೂಢಿ. ಇದರಲ್ಲಿ ಯಾರ ಮೇಲೂ ಆಪಾದನೆ ಬರುವುದಿಲ್ಲ. ಆದರೆ ಸರಾಸರಿಯಲ್ಲಿ ಗೆಲ್ಲುವುದು ಯಾರೂ ಆಕ್ಷೇಪಿಸದ ಪ್ರಸ್ತಾವವೇ ಹೊರತು, ಒಬ್ಬರಿಗೆ ಅದ್ಭುತವೆನಿಸಿ ಮತ್ತೊಬ್ಬರಿಗೆ ಹುಚ್ಚೆನಿಸುವ ಪ್ರಸ್ತಾವವಲ್ಲ. ಹೊಸತು ಹುಟ್ಟುವುದಾದರೋ ಬಹುತೇಕ ಎರಡನೆಯ ಬಗೆಯ ಪ್ರಸ್ತಾವದಿಂದ.

ಮಿತೋ ಯೋಜನೆಯು ಈ ಪದ್ಧತಿಯನ್ನು ಕೈಬಿಟ್ಟಿತು. ಇಲ್ಲಿ ‘ಪ್ರಾಜೆಕ್ಟ್ ಮ್ಯಾನೇಜರ್’ ಎಂದು ಕರೆಯಲಾಗುವ ಕೆಲವೇ ಹಿರಿಯ ತಜ್ಞರಿರುತ್ತಾರೆ. ಅವರು ವಿಶ್ವವಿದ್ಯಾಲಯ, ಸಂಶೋಧನಾಲಯ ಅಥವಾ ಉದ್ಯಮದಲ್ಲಿ ಸ್ವತಃ ಸಾಧನೆ ಮಾಡಿ ಹೆಸರಾದವರು. ಅರ್ಜಿಗಳನ್ನು ಓದಿದ ಮೇಲೆ ಪ್ರತಿಯೊಬ್ಬ ಹಿರಿಯರೂ ತಮಗೆ ಒಪ್ಪಿಗೆಯಾದುದನ್ನು ತಮ್ಮ ವಿವೇಚನೆಯಿಂದಲೇ ಆರಿಸುತ್ತಾರೆ. ಬಹುಮತದ ಅಗತ್ಯವಿಲ್ಲ. ಉಳಿದವರೆಲ್ಲ ಬೇಡವೆಂದರೂ ಒಬ್ಬರು ‘ಇದು ನನಗಿರಲಿ’ ಎಂದರೆ ಸಾಕು. ಆದರೆ ಆರಿಸಿದ ಮೇಲೆ ಆ ತರುಣನ ಹೊಣೆ ಅವರದೇ. ಆರಿಸಿದವರೇ ಮಾರ್ಗದರ್ಶಕರಾಗಿ ಕೊನೆಯವರೆಗೂ ಜೊತೆಗಿರಬೇಕು. ಆಯ್ಕೆಯ ಅಧಿಕಾರ ಮತ್ತು ಬೆಳೆಸುವ ಹೊಣೆ ಎರಡನ್ನೂ ಒಬ್ಬರ ಹೆಗಲಿಗೇ ಹೊರಿಸಿದ್ದು ಈ ಯೋಜನೆಯ ಜೀವಾಳವೆಂದರೆ ತಪ್ಪಾಗಲಾರದು.

ಈ ಹಿರಿಯರ ಪೈಕಿ ಪ್ರೊ. ತಕೇಉಚಿ ಇಕುಓ ಅವರನ್ನು ವಿಶೇಷವಾಗಿ ಸ್ಮರಿಸಬೇಕು. ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪರಿಣತರಾದ ಅವರು ದೂರಸಂಪರ್ಕ ಸಂಸ್ಥೆ ಎನ್‌ಟಿಟಿಯ ಸಂಶೋಧನಾಲಯದಲ್ಲಿಯೂ, ಮುಂದೆ ಟೋಕಿಯೊ ವಿಶ್ವವಿದ್ಯಾಲಯದಲ್ಲಿಯೂ ಸೇವೆ ಸಲ್ಲಿಸಿದವರು. ಆರಂಭದ ವರ್ಷಗಳಿಂದ ತರುಣರನ್ನು ಆರಿಸಿ ಬೆಳೆಸಿದ ಅವರು, ಬಳಿಕ ಇಡೀ ಯೋಜನೆಯ ಮೇಲ್ವಿಚಾರಕರಲ್ಲೊಬ್ಬರಾದರು. ಅವರೊಡನೆ ಆ ಹೊಣೆಯನ್ನು ಹೊತ್ತವರು, ಜಪಾನಿನಲ್ಲಿ ಮೊಬೈಲ್ ಮೂಲಕ ಅಂತರಜಾಲವನ್ನು ಜನಸಾಮಾನ್ಯರಿಗೆ ತಲುಪಿಸಿದ ‘ಐ-ಮೋಡ್’ ಸೇವೆಯ ರೂವಾರಿಗಳಲ್ಲೊಬ್ಬರಾದ ನತ್ಸುನೊ ತಕೇಶಿ. ಒಬ್ಬರು ವಿದ್ವಾಂಸರು, ಇನ್ನೊಬ್ಬರು ಮಾರುಕಟ್ಟೆ ಬಲ್ಲವರು. ಈ ಜೋಡಿ ಆಕಸ್ಮಿಕವಲ್ಲ.

ಒಂಬತ್ತು ತಿಂಗಳ ಲೆಕ್ಕಾಚಾರ

ಹಣದ ವ್ಯವಸ್ಥೆಯೂ ಗಮನಿಸತಕ್ಕದ್ದು. ಇದು ಸಾಲವಲ್ಲ, ಷೇರು ಬಂಡವಾಳವೂ ಅಲ್ಲ. ತರುಣನು ದುಡಿದ ಗಂಟೆಗಳಿಗೆ ನಿಗದಿತ ದರದಲ್ಲಿ ಹಣ ಸಲ್ಲುತ್ತದೆ. ಅದಕ್ಕಾಗಿ ಅವನು ಕೆಲಸದ ದಿನಚರಿ ಬರೆದಿಡಬೇಕು. 2020ರ ದಶಕದ ಆರಂಭದಲ್ಲಿ ಒಂದು ಯೋಜನೆಗೆ ದೊರೆಯುತ್ತಿದ್ದ ಗರಿಷ್ಠ ಮೊತ್ತ ಸುಮಾರು 27 ಲಕ್ಷ ಯೆನ್. ಅಂದಿನ ವಿನಿಮಯ ದರದಲ್ಲಿ ಸುಮಾರು 16 ಲಕ್ಷ ರೂಪಾಯಿ. ಜಪಾನಿನ ಜೀವನವೆಚ್ಚಕ್ಕೆ ಇದು ದೊಡ್ಡ ಮೊತ್ತವೇನಲ್ಲ. ಆದರೆ ವಿದ್ಯಾರ್ಥಿಯೊಬ್ಬ ಸಂಜೆಯ ಹೊತ್ತು ಅಂಗಡಿಯಲ್ಲಿ ಚಾಕರಿ ಮಾಡುವುದನ್ನು ಬಿಟ್ಟು, ತನ್ನ ಕೆಲಸದಲ್ಲಿ ಮನಸ್ಸಿಡಲು ಅಷ್ಟು ಸಾಕು.

ಹಣ ಹಿಂದಿರುಗಿಸಬೇಕಾಗಿಲ್ಲ. ಕಂಪನಿ ಸ್ಥಾಪಿಸಲೇಬೇಕೆಂಬ ಕಟ್ಟಳೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿರ್ಮಿಸಿದ ವಸ್ತುವಿನ ಬೌದ್ಧಿಕ ಸ್ವಾಮ್ಯವು ತಾತ್ವಿಕವಾಗಿ ಅದನ್ನು ನಿರ್ಮಿಸಿದವನಲ್ಲಿಯೇ ಉಳಿಯುತ್ತದೆ.

ಅವಧಿ ಸುಮಾರು ಒಂಬತ್ತು ತಿಂಗಳು. ಬೇಸಿಗೆಯ ಆರಂಭದಲ್ಲಿ ಆಯ್ಕೆಯಾದವರೆಲ್ಲ ಒಂದೆಡೆ ಸೇರಿ ತಮ್ಮ ಯೋಜನೆಯನ್ನು ಮಂಡಿಸುತ್ತಾರೆ. ಹಿರಿಯರೂ ಹಿಂದಿನ ವರ್ಷಗಳಲ್ಲಿ ಪಾಲ್ಗೊಂಡವರೂ ಪ್ರಶ್ನೆಗಳ ಸುರಿಮಳೆಗರೆಯುತ್ತಾರೆ. ಇದಕ್ಕೆ ‘ಬೂಸ್ಟ್’ ಸಭೆ ಎಂದು ಹೆಸರು. ಕೆಲಸ ಮುಗಿಯುತ್ತ ಬಂದಾಗ ಮತ್ತೊಂದು ಸಭೆ. ಇದನ್ನು ‘ಎಂಟನೆಯ ತಂಗುದಾಣದ ಸಭೆ’ ಎನ್ನುತ್ತಾರೆ. ಫ್ಯೂಜಿ ಪರ್ವತದ ಹಾದಿಯನ್ನು ಬುಡದಿಂದ ಶಿಖರದವರೆಗೆ ಹತ್ತು ಹಂತಗಳಾಗಿ ಎಣಿಸುವುದು ಜಪಾನಿಯರ ಸಂಪ್ರದಾಯ. ಎಂಟನೆಯ ಹಂತದಲ್ಲಿ ಶಿಖರ ಕಾಣುತ್ತದೆ, ಆದರೆ ಕಾಲು ಸೋಲುವುದೂ ಅಲ್ಲಿಯೇ. ಕೊನೆಗೆ ಚಳಿಗಾಲ ಕಳೆಯುವ ಹೊತ್ತಿಗೆ ಬಹಿರಂಗ ಸಭೆಯಲ್ಲಿ ಫಲಿತಾಂಶವನ್ನು ಪ್ರದರ್ಶಿಸಬೇಕು. ವಿಶೇಷ ಸಾಧನೆ ತೋರಿದವರಿಗೆ ‘ಸೂಪರ್ ಕ್ರಿಯೇಟರ್’ ಎಂಬ ಮನ್ನಣೆ ಲಭಿಸುತ್ತದೆ.

ಹೀಗೆ ವರ್ಷಕ್ಕೆ ಸುಮಾರು ಇಪ್ಪತ್ತು ಯೋಜನೆಗಳಂತೆ ಆಯ್ಕೆ ನಡೆಯುತ್ತದೆ. ಆರಂಭದಿಂದ ಇಲ್ಲಿಯವರೆಗೆ ಮಿತೋ ಯೋಜನೆಗಳ ಮೂಲಕ ಹೊರಬಂದವರ ಸಂಖ್ಯೆ ಎರಡು ಸಾವಿರವನ್ನು ಮೀರಿದೆ.

ಅಗ್ನಿಪರೀಕ್ಷೆ

ಯಾವ ಯೋಜನೆಯೂ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆ ಎದುರಾಗುವುದು ತೊಂದರೆ ಬಂದಾಗ. ಮಿತೋಗೆ ಅಂತಹ ಪರೀಕ್ಷೆ 2003ರಲ್ಲಿಯೇ ಒದಗಿತು.

ಆ ವರ್ಷ ಮಿತೋ ಯೂತ್‌ಗೆ ಆಯ್ಕೆಯಾದವರಲ್ಲಿ ತ್ಸುಕುಬಾ ವಿಶ್ವವಿದ್ಯಾಲಯದ ಪ್ರಥಮ ವರ್ಷದ ವಿದ್ಯಾರ್ಥಿ ನೊಬೊರಿ ದೈಯು ಒಬ್ಬರು. ವಯಸ್ಸು ಹತ್ತೊಂಬತ್ತು. ದೂರದ ಕಂಪ್ಯೂಟರುಗಳನ್ನು ಅಂತರಜಾಲದ ಮೂಲಕ ಒಂದೇ ಕಚೇರಿಯೊಳಗಿನ ಯಂತ್ರಗಳಂತೆ ಸುರಕ್ಷಿತವಾಗಿ ಜೋಡಿಸುವ ‘ಸಾಫ್ಟ್‌ಈಥರ್’ ಎಂಬ ತಂತ್ರಾಂಶವನ್ನು ಅವರು ನಿರ್ಮಿಸಿದರು. ಡಿಸೆಂಬರ್ 2003ರಲ್ಲಿ ಅದನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದೊಡನೆ ಬಳಕೆದಾರರು ಮುಗಿಬಿದ್ದರು. ಆದರೆ ಸಂಸ್ಥೆಗಳು ತಮ್ಮ ಜಾಲದ ಸುತ್ತ ಕಟ್ಟಿಕೊಂಡ ರಕ್ಷಣಾ ಗೋಡೆಯನ್ನು ಈ ತಂತ್ರಾಂಶ ಸುಲಭವಾಗಿ ದಾಟಬಲ್ಲದೆಂಬ ಆತಂಕವೂ ಎದ್ದಿತು. ಕೆಲವೇ ದಿನಗಳಲ್ಲಿ, ಸರ್ಕಾರದ ಹಣದಿಂದಲೇ ಹುಟ್ಟಿದ ಆ ತಂತ್ರಾಂಶದ ವಿತರಣೆಯನ್ನು ಸರ್ಕಾರದ ಕೋರಿಕೆಯಂತೆಯೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಆ ಕಾಲದ ವಾತಾವರಣ ಎಷ್ಟು ಬಿಗುವಾಗಿತ್ತೆಂಬುದಕ್ಕೆ ಇನ್ನೊಂದು ಪ್ರಕರಣ ಸಾಕ್ಷಿ. ಕಡತಗಳನ್ನು ಹಂಚಿಕೊಳ್ಳುವ ‘ವಿನ್ನಿ’ ಎಂಬ ತಂತ್ರಾಂಶವನ್ನು ಬರೆದ ಕಾನೆಕೊ ಇಸಾಮು ಅವರನ್ನು ಮೇ 2004ರಲ್ಲಿ ಬಂಧಿಸಲಾಯಿತು. ಬಳಕೆದಾರರು ಮಾಡಿದ ಕೃತಿಸ್ವಾಮ್ಯ ಉಲ್ಲಂಘನೆಗೆ ಕುಮ್ಮಕ್ಕು ನೀಡಿದರೆಂಬುದು ಅವರ ಮೇಲಿನ ಆರೋಪ. 2006ರಲ್ಲಿ ಕೆಳ ನ್ಯಾಯಾಲಯ ದಂಡ ವಿಧಿಸಿತು. 2009ರಲ್ಲಿ ಮೇಲಿನ ನ್ಯಾಯಾಲಯ ದೋಷಮುಕ್ತಗೊಳಿಸಿತು. ಡಿಸೆಂಬರ್ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನ್ಯಾಯ ದೊರೆತಾಗ ಏಳೂವರೆ ವರ್ಷಗಳು ಕಳೆದಿದ್ದವು. 2013ರಲ್ಲಿ, 42ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಒಬ್ಬ ನಿರ್ಮಾಪಕನ ಅತ್ಯುತ್ತಮ ವರ್ಷಗಳು ನ್ಯಾಯಾಲಯದ ಮೆಟ್ಟಿಲ ಮೇಲೆ ಸವೆದುಹೋದ ನಷ್ಟವನ್ನು ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಬರೆದಿಲ್ಲ.

ನೊಬೊರಿಯವರ ಕಥೆ ಬೇರೆ ದಾರಿ ಹಿಡಿಯಿತು. ಅವರ ತಂತ್ರಾಂಶದ ವಿತರಣೆ ಮತ್ತೆ ಆರಂಭವಾಯಿತು. ಏಪ್ರಿಲ್ 2004ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಅವರು ಅದೇ ಹೆಸರಿನ ಕಂಪನಿಯನ್ನು ಸ್ಥಾಪಿಸಿದರು. 2014ರಲ್ಲಿ ತಂತ್ರಾಂಶದ ಮೂಲ ಸಂಕೇತವನ್ನೇ ಜಗತ್ತಿಗೆ ಮುಕ್ತವಾಗಿ ನೀಡಿದರು. ಮುಂದೆ ಅವರು, ಯಾವ ಐಪಿಎ ಒಮ್ಮೆ ತಮ್ಮ ತಂತ್ರಾಂಶದ ವಿತರಣೆ ನಿಲ್ಲಿಸಿತ್ತೋ, ಅದೇ ಸಂಸ್ಥೆಯಲ್ಲಿ ಸೈಬರ್ ತಂತ್ರಜ್ಞಾನದ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು.

ಏಪ್ರಿಲ್ 2020ರಲ್ಲಿ ಕೊರೊನಾ ಸಾಂಕ್ರಾಮಿಕದ ಕಾರಣ ಜಪಾನ್ ತುರ್ತುಸ್ಥಿತಿ ಘೋಷಿಸಿತು. ಸಣ್ಣ ಸಂಸ್ಥೆಗಳ ನೌಕರರು ಮನೆಯಿಂದ ಕಚೇರಿಯ ಕಂಪ್ಯೂಟರ್ ಬಳಸಲು ದಾರಿಕಾಣದೆ ಕುಳಿತಿದ್ದರು. ಆಗ ನೊಬೊರಿಯವರ ತಂಡವು ದೂರಸಂಪರ್ಕ ಸಂಸ್ಥೆ ಎನ್‌ಟಿಟಿ ಈಸ್ಟ್ ಜೊತೆಗೂಡಿ, ಸುಮಾರು ಎರಡು ವಾರಗಳಲ್ಲಿ ಮನೆಯಿಂದ ಕೆಲಸ ಮಾಡುವ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿ, ಆ ತಿಂಗಳ 21ರಂದು ಉಚಿತವಾಗಿ ಬಿಡುಗಡೆ ಮಾಡಿತು. ಬಳಸಲು ನೋಂದಣಿಯೂ ಬೇಡ, ಕರಾರುಪತ್ರವೂ ಬೇಡ. ಅದರ ಪ್ರಯೋಜನ ಪಡೆದವರ ಸಂಖ್ಯೆ ಲಕ್ಷವನ್ನು ದಾಟಿತು. 2003ರಲ್ಲಿ ಒಬ್ಬ ವಿದ್ಯಾರ್ಥಿಯ ಮೇಲೆ ಹೂಡಿದ ಸಣ್ಣ ಮೊತ್ತವು ಹದಿನೇಳು ವರ್ಷಗಳ ಬಳಿಕ ದೇಶದ ಸಣ್ಣ ವ್ಯಾಪಾರಿಗಳ ಕೈಹಿಡಿಯಿತು. ಇಂತಹ ಲಾಭವನ್ನು ಯಾವ ಸಮಿತಿಯೂ ಮುಂಚಿತವಾಗಿ ಅಂದಾಜು ಮಾಡಲಾರದು.

ವರ್ತಕರಿಗೂ ತಯಾರಕರಿಗೂ ತಲುಪಿದ ಫಲ

ಇದೊಂದೇ ಉದಾಹರಣೆಯಲ್ಲ. ಮತ್ಸುಮೊತೊ ಯುಕಿಹಿರೊ ರೂಪಿಸಿದ ರೂಬಿ ಎಂಬ ಕಂಪ್ಯೂಟರ್ ಭಾಷೆ ಜಪಾನಿನಲ್ಲಿ ಹುಟ್ಟಿದ್ದು. ಅದು ಬಳಸಲು ಸರಳವಾದರೂ ನಿಧಾನವೆಂಬ ದೂರಿತ್ತು. ಸಸಾದಾ ಕೋಇಚಿ ಎಂಬ ತರುಣ ಅದಕ್ಕೆ ಹೊಸ ‘ಎಂಜಿನ್’ ನಿರ್ಮಿಸುವ ಕೆಲಸ ಕೈಗೊಂಡಾಗ 2004ರಲ್ಲಿ ಮಿತೋ ಯೂತ್, 2005ರಲ್ಲಿ ಮಿತೋ ನೆರವು ನೀಡಿದವು. 2007ರ ಡಿಸೆಂಬರಿನಲ್ಲಿ ಹೊರಬಂದ ರೂಬಿಯ ಆವೃತ್ತಿಯಲ್ಲಿ ಈ ಎಂಜಿನ್ ಸೇರ್ಪಡೆಯಾಯಿತು. ಅಂತರಜಾಲದಲ್ಲಿ ಅಂಗಡಿ ತೆರೆಯಲು ಜಗತ್ತಿನಾದ್ಯಂತ ವರ್ತಕರು ಬಳಸುವ ಶಾಪಿಫೈ ಸೇವೆ ಕಟ್ಟಲ್ಪಟ್ಟಿರುವುದು ಇದೇ ರೂಬಿಯ ತಳಹದಿಯ ಮೇಲೆ.

ಕಾರ್ಖಾನೆ ನಡೆಸುವವರಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ಮಿತೋದಲ್ಲಿ ಪಾಲ್ಗೊಂಡಿದ್ದ ನಿಶಿಕಾವಾ ತೋರು ಮತ್ತು ಒಕನೊಹರಾ ದೈಸುಕೆ 2006ರಲ್ಲಿ ಗೆಳೆಯರೊಡನೆ ಕಂಪನಿಯೊಂದನ್ನು ಆರಂಭಿಸಿದರು. ಅದರ ಕವಲಾಗಿ 2014ರಲ್ಲಿ ಪ್ರಿಫರ್ಡ್ ನೆಟ್‌ವರ್ಕ್ಸ್ ಹುಟ್ಟಿತು. ಯಂತ್ರಗಳು ಅನುಭವದಿಂದ ತಾವೇ ಕಲಿಯುವಂತೆ ಮಾಡುವ ಕೃತಕ ಬುದ್ಧಿಮತ್ತೆ ಇದರ ಕ್ಷೇತ್ರ. 2015ರಲ್ಲಿ ಯಂತ್ರ ನಿಯಂತ್ರಕ ಹಾಗೂ ರೋಬೋಟ್ ತಯಾರಕ ಸಂಸ್ಥೆ ಫ್ಯಾನುಕ್ ಇದರಲ್ಲಿ ಹಣ ಹೂಡಿತು. 2017ರಲ್ಲಿ ಟೊಯೊಟಾ ಸುಮಾರು 1,050 ಕೋಟಿ ಯೆನ್ ಹೂಡಿತು. ಪೀಣ್ಯದ ಯಂತ್ರಶಾಲೆಗಳಲ್ಲಿ ಫ್ಯಾನುಕ್ ನಿಯಂತ್ರಕದ ಹೆಸರನ್ನು ಅರಿಯದವರು ವಿರಳ. ಟೊಯೊಟಾದ ಬಿಡದಿ ಕಾರ್ಖಾನೆಯಂತೂ ನಮ್ಮ ಅನೇಕ ಬಿಡಿಭಾಗ ತಯಾರಕರಿಗೆ ಪರಿಚಿತ. ಆ ದೈತ್ಯ ಸಂಸ್ಥೆಗಳು ಹುಡುಕಿಕೊಂಡು ಹೋದ ಕೌಶಲವು ವಿದ್ಯಾರ್ಥಿ ದೆಸೆಯಲ್ಲಿ ಇಂತಹ ಪುಟ್ಟ ನೆರವಿನ ನೆರಳಿನಲ್ಲಿ ಬೆಳೆದುದು ಎಂಬುದು ಗಮನಾರ್ಹ.

ಮಿತೋದಿಂದ ಬಂದ ಸುಜುಕಿ ಕೆನ್ ಮತ್ತು ಅವರ ಸಹವರ್ತಿ 2012ರಲ್ಲಿ ಸ್ಥಾಪಿಸಿದ ಸುದ್ದಿ ಸೇವೆ ಸ್ಮಾರ್ಟ್‌ನ್ಯೂಸ್‌ನ ಮೌಲ್ಯ 2019ರಲ್ಲಿ ನೂರು ಕೋಟಿ ಡಾಲರನ್ನು ಮೀರಿತ್ತು.

ಕೊರತೆಗಳು, ತಿದ್ದುಪಡಿಗಳು

ಯೋಜನೆ ದೋಷರಹಿತವೆಂದು ಹೇಳಲಾಗದು. ಬೆರಗು ಹುಟ್ಟಿಸುವ ತಂತ್ರಾಂಶ ನಿರ್ಮಾಣವಾಗುತ್ತದೆ, ಆದರೆ ಅದು ಮಾರುಕಟ್ಟೆ ತಲುಪುವುದು ಅಪರೂಪ ಎಂಬುದು ಮೊದಲ ಕೊರತೆಯಾಗಿತ್ತು. ಇದನ್ನು ಸರಿಪಡಿಸಲು 2017ರಲ್ಲಿ ‘ಮಿತೋ ಅಡ್ವಾನ್ಸ್ಡ್’ ಆರಂಭವಾಯಿತು. ಇದಕ್ಕೆ ವಯಸ್ಸಿನ ಮಿತಿಯಿಲ್ಲ. ಉದ್ಯಮ ಸ್ಥಾಪಿಸುವ ಗುರಿ ಇರುವವರಿಗೆ ಹಣದ ನೆರವು ಹಾಗೂ ವ್ಯವಹಾರ ಬಲ್ಲವರ ಸಲಹೆ ದೊರೆಯುತ್ತದೆ.

ಇಪ್ಪತ್ತರ ವಯಸ್ಸಿಗಿಂತ ಮೊದಲೇ ಪ್ರತಿಭೆ ಚಿಗುರುವುದಿಲ್ಲವೇ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟವರು ಮಿತೋದಿಂದ ಹೊರಬಂದವರೇ. 2014ರಲ್ಲಿ ಅವರು ಕಟ್ಟಿಕೊಂಡ ಸಂಘವು 2016ರಲ್ಲಿ 17 ವರ್ಷದೊಳಗಿನ ಮಕ್ಕಳಿಗಾಗಿ ‘ಮಿತೋ ಜೂನಿಯರ್’ ಆರಂಭಿಸಿತು. ಮಗುವಿಗೆ ಐದು ಲಕ್ಷ ಯೆನ್‌ವರೆಗೆ ಹಣ, ಜೊತೆಗೊಬ್ಬ ಮಾರ್ಗದರ್ಶಕ. ಒಮ್ಮೆ ಕೈಹಿಡಿಸಿಕೊಂಡವರು ಮುಂದಿನವರ ಕೈಹಿಡಿಯತೊಡಗಿದ್ದು ಈ ಯೋಜನೆಯ ನಿಜವಾದ ಬಡ್ಡಿ.

ಮೂರನೆಯದು, ಅವಕಾಶಗಳೆಲ್ಲ ಟೋಕಿಯೊ ಸುತ್ತಲೇ ಕೇಂದ್ರೀಕೃತವಾಗುವ ದೋಷ. ನವೆಂಬರ್ 2022ರಲ್ಲಿ ಜಪಾನ್ ಸರ್ಕಾರ ಪ್ರಕಟಿಸಿದ ನವೋದ್ಯಮಗಳ ಪಂಚವಾರ್ಷಿಕ ಯೋಜನೆಯಲ್ಲಿ, ಇಂತಹ ಮಾರ್ಗದರ್ಶನ ಪಡೆಯುವವರ ಸಂಖ್ಯೆಯನ್ನು ವರ್ಷಕ್ಕೆ 70ರಿಂದ 500ಕ್ಕೆ ಏರಿಸುವ ಗುರಿ ಸೇರಿತ್ತು. ಅದರಂತೆ 2023ರಿಂದ ‘ಅಕಾತ್ಸುಕಿ’ (ಮುಂಜಾವು) ಎಂಬ ಹೆಸರಿನಲ್ಲಿ ಪ್ರಾಂತಗಳಲ್ಲಿಯೂ ಇದೇ ಮಾದರಿಯ ಯೋಜನೆಗಳಿಗೆ ನೆರವು ದೊರೆಯತೊಡಗಿತು. ಸಂಖ್ಯೆ ಹೆಚ್ಚಿಸುವುದು ಸುಲಭ. ಅಷ್ಟೇ ಯೋಗ್ಯ ಮಾರ್ಗದರ್ಶಕರನ್ನು ಹೊಂದಿಸುವುದು ಕಷ್ಟ. ಮುಂದಿನ ವರ್ಷಗಳಲ್ಲಿ ಜಪಾನ್ ಎದುರಿಸಬೇಕಾದ ಸವಾಲು ಇದು.

ಪ್ರಾಂತಗಳ ಮಾತು ಬಂದಾಗ ‘ಕೋಸೆನ್’ ಎಂಬ ತಾಂತ್ರಿಕ ಕಾಲೇಜುಗಳನ್ನು ಮರೆಯಲಾಗದು. 1962ರಿಂದ ನಡೆದುಬಂದ ಇವು ಹದಿನೈದರ ಹರೆಯದವರಿಗೆ ಐದು ವರ್ಷಗಳ ತಾಂತ್ರಿಕ ಶಿಕ್ಷಣ ನೀಡುತ್ತವೆ. ಈ ವಿದ್ಯಾರ್ಥಿಗಳಿಗಾಗಿ ಜಪಾನ್ ಡೀಪ್ ಲರ್ನಿಂಗ್ ಸಂಘವು ‘ಡಿಕಾನ್’ ಸ್ಪರ್ಧೆ ನಡೆಸುತ್ತದೆ. ಇಲ್ಲಿ ಅಂಕಗಳಿಲ್ಲ. ನಿಜವಾದ ಹೂಡಿಕೆದಾರರು ತೀರ್ಪುಗಾರರಾಗಿ ಕುಳಿತು, ‘ಇದು ಕಂಪನಿಯಾದರೆ ಬೆಲೆ ಇಷ್ಟು’ ಎಂದು ಘೋಷಿಸುತ್ತಾರೆ. 2019ರ ಪೂರ್ವಭಾವಿ ಸ್ಪರ್ಧೆಯಲ್ಲಿ ಗೆದ್ದ ನಾಗಾಓಕಾ ಕಾಲೇಜಿನ ತಂಡದ ಸಾಧನ ಅತ್ಯಂತ ಸರಳ: ಹಳೆಯ ಕಾರ್ಖಾನೆಗಳ ಮುಳ್ಳಿನ ಮಾಪಕಗಳನ್ನು ಕ್ಯಾಮೆರಾ ಮೂಲಕ ಓದಿ ದಾಖಲಿಸುವುದು. ಮಾಪಕ ಬದಲಿಸಬೇಕಿಲ್ಲ, ಯಂತ್ರ ನಿಲ್ಲಿಸಬೇಕಿಲ್ಲ. ಅದಕ್ಕೆ ಹೂಡಿಕೆದಾರರು ಕಟ್ಟಿದ ಬೆಲೆ 40 ಕೋಟಿ ಯೆನ್. ಸಣ್ಣ ಕಾರ್ಖಾನೆಯ ಕಷ್ಟವನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಹೊಳೆಯುವ ಯೋಚನೆಯಿದು.

ನಾವು ಮಾಡಬಹುದಾದದ್ದು

ನಮ್ಮ ರಾಜ್ಯದಲ್ಲಿ ಹಣದ ಮೂಲಗಳು ಇಲ್ಲವೆಂದಲ್ಲ. 2017ರಲ್ಲಿ ಆರಂಭವಾದ ‘ಎಲಿವೇಟ್’ ಯೋಜನೆಯಡಿ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನದ ಅವಕಾಶ ಕಲ್ಪಿಸಲಾಗಿದೆ. ಆದರೆ ಅನುದಾನದ ಆದೇಶಪತ್ರ ಕೈಸೇರಿದ ಮರುದಿನದಿಂದ ಆ ತರುಣನ ಪಕ್ಕದಲ್ಲಿ ಕುಳಿತು, ‘ಇದನ್ನು ಕೊಳ್ಳುವವರು ಯಾರು? ಕೆಟ್ಟರೆ ರಿಪೇರಿ ಮಾಡುವವರು ಯಾರು?’ ಎಂದು ಕೇಳುವವರು ಬೇಕು. ಆ ಕೆಲಸಕ್ಕೆ ಸರ್ಕಾರಕ್ಕಿಂತ ಯೋಗ್ಯರು ಅಂಗಡಿ, ಕಾರ್ಖಾನೆಗಳನ್ನು ದಶಕಗಳ ಕಾಲ ನಡೆಸಿದ ನಮ್ಮ ಸದಸ್ಯರೇ.

ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ಗುಮಾಸ್ತನಾಗಿ ಗದ್ದುಗೆಯ ಬಳಿ ಕುಳಿತು ಲೆಕ್ಕ ಕಲಿತ ಹುಡುಗನಿಗೆ, ಅವನ ನಡತೆ ಮತ್ತು ಚುರುಕು ನೋಡಿ, ಸಾಹುಕಾರರೇ ಪುಟ್ಟ ಅಂಗಡಿ ಹಾಕಿಕೊಟ್ಟ ನಿದರ್ಶನಗಳು ಪ್ರತಿ ಪೇಟೆಯಲ್ಲಿಯೂ ಇವೆ. ಅಲ್ಲಿ ಸಮಿತಿಯಿರಲಿಲ್ಲ, ಒಬ್ಬ ಹಿರಿಯರ ಕಣ್ಣಿತ್ತು. ಜಪಾನ್ ಮಾಡಿದ್ದು ಅದನ್ನೇ, ನಿಯಮಬದ್ಧವಾಗಿ ಮತ್ತು ದೇಶದ ಮಟ್ಟದಲ್ಲಿ.

ಆದ್ದರಿಂದ ಪ್ರತಿಯೊಬ್ಬ ಸದಸ್ಯರೂ ಹತ್ತಿರದ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ತಮ್ಮ ವಿವೇಚನೆಯಿಂದ ಆರಿಸಿಕೊಳ್ಳಲಿ. ತಮ್ಮ ಕಾರ್ಖಾನೆಯ ಒಂದು ನೈಜ ತೊಂದರೆಯನ್ನು ಅವರ ಮುಂದಿಡಲಿ. ಒಂಬತ್ತು ತಿಂಗಳ ಗಡುವು ಕೊಟ್ಟು, ದುಡಿದ ಗಂಟೆಗೆ ತಕ್ಕ ಕೂಲಿ ಕೊಡಲಿ. ತಿಂಗಳಿಗೊಮ್ಮೆ ಕುಳಿತು ಮಾತನಾಡಲಿ. ಹುಟ್ಟಿದ ವಸ್ತುವಿನ ಒಡೆತನ ಅವರಲ್ಲಿಯೇ ಉಳಿಯಲಿ. ಬಳಸುವ ಹಕ್ಕು ನಮಗಿದ್ದರೆ ಸಾಕು. ಹತ್ತರಲ್ಲಿ ಎಂಟು ಪ್ರಯತ್ನಗಳು ಫಲ ಕೊಡದೆ ಹೋದಾವು. ಆದರೆ ಬಿತ್ತನೆಯಲ್ಲಿ ಪ್ರತಿ ಕಾಳೂ ಮೊಳೆಯಬೇಕೆಂದು ಹಟ ಹಿಡಿದ ರೈತನಿಲ್ಲ.

ವಹಿವಾಟು, ಅಡಮಾನ, ಜಾಮೀನು ಎಂಬ ಮೂರು ಪ್ರಶ್ನೆಗಳನ್ನು ಕೈಬಿಡಬೇಕಿಲ್ಲ. ಸಾಲ ಕೊಡುವಾಗ ಅವು ಬೇಕೇ ಬೇಕು. ಆದರೆ ಹತ್ತೊಂಬತ್ತರ ಹರೆಯದವರು ಬಾಗಿಲಲ್ಲಿ ನಿಂತಾಗ ಕೇಳಬೇಕಾದ ನಾಲ್ಕನೆಯ ಪ್ರಶ್ನೆಯೊಂದಿದೆ: ‘ಇವರೊಡನೆ ಒಂಬತ್ತು ತಿಂಗಳು ನಡೆಯಲು ನಾನು ಸಿದ್ಧನೇ?’ ಇದಕ್ಕೆ ಉತ್ತರಿಸಬೇಕಾದವರು ಕೇಳಲು ಬಂದವರಲ್ಲ, ಕೊಡುವ ಸ್ಥಾನದಲ್ಲಿರುವ ನಾವು.